ಹೆಸರು, ಊರು ಬದಲಿಸಿದರೆ ಕಥೆ ನಮ್ಮದಾಗುತ್ತದೆಯೇ?

ತೀರಿಕೊಂಡಿರುವ ಲೇಖಕರೊಬ್ಬರ ಸಣ್ಣಕಥೆಯನ್ನು ಕಿರುಚಿತ್ರ ಮಾಡಿ ಯೂಟ್ಯೂಬ್‌ಗೆ ಹಾಕುವ ಆಸೆ ನಿಮ್ಮದು. ಪಾತ್ರಗಳ ಹೆಸರು, ಊರು ಬದಲಿಸಿ ಕೊನೆಯಲ್ಲಿ ‘ಕೃಪೆ’ ಎಂದು ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ನಾನು ವಕೀಲನಲ್ಲ. ಹವ್ಯಾಸಿ ರಂಗತಂಡವೊಂದಕ್ಕೆ ಕಥೆಗಳ ರಂಗರೂಪ ಬರೆಯುತ್ತೇನೆ, ಅವಕ್ಕೆ ಅನುಮತಿ ತರುವ ಕೆಲಸವೂ ನನ್ನದೇ. ಆ ಓಡಾಟದಲ್ಲಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಕಥಾವಸ್ತು ಯಾರ ಸ್ವತ್ತೂ ಅಲ್ಲ. ಗಂಡ ತೀರಿಕೊಂಡ ಮೇಲೆ ಮಗನ ಮನೆ ಸೇರಿದ ತಾಯಿ ಅಲ್ಲಿ ಹೊಂದಿಕೊಳ್ಳಲಾಗದೆ ಊರಿಗೆ ಮರಳುತ್ತಾಳೆ. ಈ ಎಳೆ ಹಿಡಿದು ನೀವೂ ಬರೆಯಬಹುದು, ನಾನೂ ಬರೆಯಬಹುದು. ಆದರೆ ಅವಳು ತಂದ ಉಪ್ಪಿನಕಾಯಿ ಭರಣಿಯನ್ನು ಸೊಸೆ ಬಾಲ್ಕನಿಗೆ ಸಾಗಹಾಕುವುದು, ಮೊಮ್ಮಗ ಕದ್ದು ಅದರ ಮುಚ್ಚಳ ತೆಗೆಯುವುದು, ಕೊನೆಗೆ ಅವಳು ಭರಣಿಯನ್ನು ಅವನಿಗೇ ಬಿಟ್ಟು ಬಸ್ ಹತ್ತುವುದು, ಈ ಹೆಣಿಗೆ ಬರೆದವರದು. ಸಾವಿತ್ರಮ್ಮ ಸುಮಿತ್ರಮ್ಮನಾದರೂ ಶಿರಸಿ ಸಾಗರವಾದರೂ ಭರಣಿ ಅದೇ ಭರಣಿ.

ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಹೇಳಿದ್ದೂ ಇದನ್ನೇ. ತನ್ನ ನಾಟಕವನ್ನು ಕದ್ದು ಹಿಂದಿ ಚಿತ್ರ ಮಾಡಿದ್ದಾರೆಂದು ಆರ್.ಜಿ. ಆನಂದ್ ಎಂಬ ನಾಟಕಕಾರರು ದಾವೆ ಹೂಡಿದ್ದರು. ಎರಡನ್ನೂ ನೋಡಿದವರಿಗೆ ಎರಡನೆಯದು ಮೊದಲನೆಯದರ ನಕಲು ಎಂದು ನಿಸ್ಸಂದೇಹವಾಗಿ ಅನ್ನಿಸುತ್ತದೆಯೇ ಎಂಬುದೇ ಒರೆಗಲ್ಲು ಎಂದಿತು ನ್ಯಾಯಾಲಯ. ಆನಂದ್ ಸೋತರು. ಪ್ರಾಂತೀಯ ಭೇದ ಎರಡರಲ್ಲೂ ಇತ್ತು, ಆದರೆ ಚಿತ್ರ ವರದಕ್ಷಿಣೆಯಂಥ ಬೇರೆ ಸಂಗತಿಗಳನ್ನೂ ತಂದು ಬೇರೆಯೇ ರೀತಿಯಲ್ಲಿ ಕಥೆ ಹೇಳಿತ್ತು. ಈ ಒರೆಗಲ್ಲಿಗೆ ನಿಮ್ಮ ಚಿತ್ರಕಥೆಯನ್ನು ನೀವೇ ಉಜ್ಜಿ ನೋಡಿ.

ಪುರಾಣದ ಕಥೆಯಾದರೆ ತೊಂದರೆಯಿಲ್ಲ ಎನ್ನುವವರಿಗೆ ನಾನು ಕಾರಂತರ ಪ್ರಕರಣ ಹೇಳುತ್ತೇನೆ. ಅಭಿಮನ್ಯು ವಧೆ ಮಹಾಭಾರತದ್ದು, ಯಕ್ಷಗಾನ ಕರಾವಳಿಯ ಎಲ್ಲರದ್ದು. ಆದರೆ ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ಹೊಸದಾಗಿ ಕಟ್ಟಿದ್ದರು, ಅದರ ಹಕ್ಕನ್ನು ಉಯಿಲಿನ ಮೂಲಕ ಒಬ್ಬರಿಗೆ ಬಿಟ್ಟುಹೋಗಿದ್ದರು. 2001ರಲ್ಲಿ ದೆಹಲಿಯಲ್ಲಿ ಆ ರೂಪದ ಪ್ರದರ್ಶನ ನಡೆದಾಗ ಹಕ್ಕು ಪಡೆದಿದ್ದವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಹಕ್ಕನ್ನು ಮಾನ್ಯ ಮಾಡಿತು. ಶಿಕ್ಷಣ ಸಂಸ್ಥೆಗಳು ತಮ್ಮೊಳಗೆ ನಡೆಸುವ ಪ್ರದರ್ಶನಗಳಿಗೆ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲೇ ಇರುವ ವಿನಾಯಿತಿಯನ್ನು ಮಾತ್ರ ಉಳಿಸಿತು. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ನಾಟಕ ಆಡುವುದಕ್ಕೂ ಇಂಥದೊಂದು ವಿನಾಯಿತಿ ಇದೆ. ಯೂಟ್ಯೂಬ್‌ನ ಕಿರುಚಿತ್ರಕ್ಕೆ ಅದು ನೆರಳಾಗದು.

ಲೇಖಕರು ತೀರಿಕೊಂಡರೆಂದು ಹಕ್ಕು ಮುಗಿಯುವುದಿಲ್ಲ. ಅವರು ತೀರಿಕೊಂಡ ವರ್ಷದ ನಂತರ ಇನ್ನೂ 60 ವರ್ಷ ಅದು ವಾರಸುದಾರರಲ್ಲಿರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಬರೆದದ್ದು ಈಗ ಎಲ್ಲರಿಗೂ ಮುಕ್ತ. 1986ರಲ್ಲಿ ಅಗಲಿದ ಮಾಸ್ತಿಯವರ ಕಥೆಗಳಿಗೆ 2046ರ ಕೊನೆಯವರೆಗೆ ರಕ್ಷಣೆಯಿದೆ. ಹಳೆಯ ಸಂಸ್ಕೃತ ಕಥೆ ಮುಕ್ತವಾದರೂ ಅದರ ಇತ್ತೀಚಿನ ಕನ್ನಡ ಅನುವಾದ ಮುಕ್ತವಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ.

ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕು ಯಾರದೆಂದು ಅಚ್ಚಾಗಿರುತ್ತದೆ. ‘ಲೇಖಕರದು’ ಎಂದಿದ್ದರೆ ಪ್ರಕಾಶಕರ ಮೂಲಕ ಮನೆಯವರನ್ನು ಹುಡುಕಿ. ಉಯಿಲು ಇಲ್ಲದಿದ್ದರೆ ಹಿರಿಯ ಮಗ ಒಬ್ಬರೇ ಒಪ್ಪಿದರೆ ಸಾಲದು, ಎಲ್ಲ ವಾರಸುದಾರರ ಸಹಿ ಪಡೆಯಿರಿ. ಫೋನಿನಲ್ಲಿ ‘ಮಾಡಿಕೊಳ್ಳಿ’ ಎಂದದ್ದನ್ನು ನಂಬಿ ಕ್ಯಾಮೆರಾ ಬಾಡಿಗೆಗೆ ತರಬೇಡಿ. ಯಾವ ಕಥೆ, ಯಾವ ಮಾಧ್ಯಮ, ಯಾವ ಭಾಷೆ, ಎಷ್ಟು ವರ್ಷ, ಎಷ್ಟು ಗೌರವಧನ ಎಂಬುದೆಲ್ಲ ಕಾಗದದ ಮೇಲೆ ಬರಲಿ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ಹಿಡಿಯುತ್ತದೆ. ಅಂತ್ಯ ಬದಲಿಸುವ ಯೋಚನೆಯಿದ್ದರೆ ಅದನ್ನೂ ಈಗಲೇ ತಿಳಿಸಿ. ಕೃತಿಯನ್ನು ಲೇಖಕರ ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ಪ್ರಶ್ನಿಸುವ ಹಕ್ಕು ಹಣ ಕೊಟ್ಟ ಮೇಲೂ ಉಳಿದಿರುತ್ತದೆ.

ಕನ್ನಡದಲ್ಲಿ ಕಥೆ ಬರೆದು ಬದುಕಿದವರು ಕಡಿಮೆ. ಅಪ್ಪನ ಕಥೆ ಚಿತ್ರವಾಗಿದೆ ಎಂಬುದು ಮಕ್ಕಳಿಗೆ ಯಾರೋ ಕಳಿಸಿದ ಲಿಂಕ್‌ನಿಂದ ಗೊತ್ತಾಗುವುದು ನನಗೆ ಸಂಕಟದ ಸಂಗತಿ. ಕೇಳಿದರೆ ಸಂತೋಷದಿಂದ ಒಪ್ಪುವ ಮನೆಗಳೇ ನನಗೆ ಹೆಚ್ಚು ಸಿಕ್ಕಿವೆ, ಕೆಲವರು ಹಣವನ್ನೂ ಕೇಳಲಿಲ್ಲ. ಚಿತ್ರೀಕರಣಕ್ಕೆ ದಿನ ಗೊತ್ತುಮಾಡುವ ಮೊದಲೇ ಪತ್ರ ಹಾಕಿ, ಜೊತೆಗೆ ಚಿತ್ರಕಥೆಯ ಪ್ರತಿಯನ್ನೂ ಇಡಿ. ಒಪ್ಪದಿದ್ದರೆ ಭರಣಿಯನ್ನು ಅವರಿಗೇ ಬಿಟ್ಟು, ಮರಳಿ ಊರಿಗೆ ಹೊರಟ ತಾಯಿಯ ಬೇರೊಂದು ಕಥೆಯನ್ನು ನೀವೇ ಬರೆಯಿರಿ.