ನವೆಂಬರ್ 1ಕ್ಕೆ ನಿಮ್ಮಲ್ಲಿ ಏನು ಎಂದು ಕೇಳಿದ ಗೆಳೆಯನಿಗೆ

"ಕೇರಳದಲ್ಲಿ ಇನ್ನೂ ಕನ್ನಡ ಶಾಲೆಗಳಿವೆಯೇ? ಮಕ್ಕಳು ಬರುತ್ತಾರೆಯೇ? ರಾಜ್ಯೋತ್ಸವದ ದಿನ ನೀವು ಏನು ಮಾಡುತ್ತೀರಿ, ಪಾಪ?" ಎಂದು ಬರೆದಿದ್ದೀಯ. ಮೊದಲ ಎರಡಕ್ಕೆ ಉತ್ತರ ಸುಲಭ: ಇವೆ, ಬರುತ್ತಾರೆ. ಮೂರನೆಯದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಕೊನೆಯ 'ಪಾಪ'ವನ್ನು ಮಾತ್ರ ನೀನೇ ಇಟ್ಟುಕೋ. ಕಾಸರಗೋಡಿನಲ್ಲಿ ಅದರ ದಾಸ್ತಾನು ಬೇಕಾದಷ್ಟಿದೆ; ಘಟ್ಟದ ಮೇಲಿನಿಂದ ಬರುವ ಅತಿಥಿಗಳೆಲ್ಲ ಒಂದಿಷ್ಟು ಬಿಟ್ಟುಹೋಗುತ್ತಾರೆ.

ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1956ರ ಅಕ್ಟೋಬರ್ 31ರವರೆಗೆ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಮರುದಿನದಿಂದ ಕೇರಳ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು. ನಮ್ಮ ಶಾಲೆ ಇರುವುದು ಆ ಉತ್ತರದಲ್ಲಿಯೇ. ವರದಿ ಕಪಾಟಿನಲ್ಲಿ ಉಳಿಯಿತು, ನಾವು ಇಲ್ಲಿ ಉಳಿದೆವು, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯೂ ಆಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ತೀರಿಕೊಳ್ಳುವ ತನಕ ಆ ವರದಿಯ ಮಾತನ್ನು ಬಿಡಲಿಲ್ಲ. ಅವರೂ ಶಾಲಾ ಮಾಸ್ತರರೇ. ನಾನು ಅಷ್ಟು ದೊಡ್ಡ ಮಾತಿಗೆ ಹೋಗುವುದಿಲ್ಲ. ನನ್ನ ಜಗಳವೇನಿದ್ದರೂ ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಮಕ್ಕಳ ಕೈಗೆ ಯಾವ ಹಾಳೆ ಕೊಡುವುದು ಎಂಬುದರ ಬಗ್ಗೆ. ಅದಕ್ಕೆ ಬರುತ್ತೇನೆ.

ಕನ್ನಡ ಮಾಧ್ಯಮ ಎಂದೊಡನೆ ನೀನು ಮನೆಯಲ್ಲಿಯೂ ಕನ್ನಡವನ್ನೇ ಮಾತನಾಡುವ ಮಕ್ಕಳನ್ನು ಊಹಿಸಿಕೊಂಡಿರುತ್ತೀಯ. ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ತುಳು, ಅದರ ಹಿಂದೆ ಬ್ಯಾರಿ, ಕಿಟಕಿಯ ಬಳಿ ಕರಾಡ ಮರಾಠಿ ಮತ್ತು ಕೊಂಕಣಿ, ಬಾಗಿಲ ಬಳಿ ಮಲಯಾಳ. ಹವ್ಯಕ ಮನೆಯ ಹುಡುಗಿಯೊಬ್ಬಳಿದ್ದಾಳೆ. ಅವಳ ಮನೆಯ ಕನ್ನಡ ಪುಸ್ತಕದ ಕನ್ನಡಕ್ಕೆ ದೂರದ ನೆಂಟ. ಇವರೆಲ್ಲ ಕಿರುಚಾಡಿ ಜಗಳವಾಡುವಾಗ ತುಳುವಿನಲ್ಲಿ ಆಡುತ್ತಾರೆ, ನನ್ನ ಬಳಿಗೆ ದೂರು ತರುವಾಗ ಕನ್ನಡದಲ್ಲಿ ತರುತ್ತಾರೆ, ಅಂಗಡಿಯಲ್ಲಿ ಮಿಠಾಯಿ ಕೇಳುವಾಗ ಮಲಯಾಳದಲ್ಲಿ ಕೇಳುತ್ತಾರೆ. ಇದನ್ನು ಯಾರೂ ಕಲಿಸಿಲ್ಲ. ಕಳೆದ ಬಾರಿ ಬಂದಿದ್ದ ನಿನ್ನ ಸಹೋದ್ಯೋಗಿ "ಮಲಯಾಳಿ ಮಕ್ಕಳಾದರೂ ಎಷ್ಟು ಚೆನ್ನಾಗಿ ಕನ್ನಡ ಮಾತನಾಡುತ್ತಾರೆ" ಎಂದು ಬೆನ್ನು ತಟ್ಟಿದಾಗ, ಮೂರನೆಯ ತರಗತಿಯವನೊಬ್ಬ ಅವರ ಕನ್ನಡವೂ ಪರವಾಗಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ.

ವಾರದ ಉಳಿದ ಲೆಕ್ಕ ಎಲ್ಲ ಶಾಲೆಗಳಂತೆಯೇ. ಅಸೆಂಬ್ಲಿ, ಹಾಜರಿ, ಮಗ್ಗಿ, ಮಧ್ಯಾಹ್ನದ ಊಟ, ಮೊಟ್ಟೆಯ ದಿನ ಹಾಜರಿ ತುಸು ಹೆಚ್ಚು. ಪಠ್ಯಪುಸ್ತಕ ಕೇರಳದ್ದು, ಕನ್ನಡದಲ್ಲಿಯೇ ಅಚ್ಚಾಗಿ ಬರುತ್ತದೆ. ಅದನ್ನು ನಾನು ದೂರುವುದಿಲ್ಲ. ಕಟ್ಟಡ ಚೆನ್ನಾಗಿದೆ, ಪ್ರೊಜೆಕ್ಟರ್ ಇದೆ, ಶೌಚಾಲಯಕ್ಕೆ ನೀರಿದೆ. ನಿಮ್ಮ ಕಡೆಯ ಕೆಲವು ಸರಕಾರಿ ಶಾಲೆಗಳನ್ನು ನೋಡಿ ಬಂದ ಮೇಲೆ ನಾನು ಕೇರಳವನ್ನು ಬೈಯುವಾಗ ದನಿ ತಗ್ಗಿಸುತ್ತೇನೆ. ಜೂನ್ ತಿಂಗಳಲ್ಲಿ ಆರನೇ ಪ್ರವೃತ್ತಿ ದಿನದ, ಅಂದರೆ ಶಾಲೆ ತೆರೆದ ಮೇಲಿನ ಆರನೆಯ ಕೆಲಸದ ದಿನದ, ತಲೆ ಎಣಿಕೆ ಎಂಬ ಗಂಡಾಂತರವೊಂದಿದೆ. ಆ ದಿನದ ಮಕ್ಕಳ ಸಂಖ್ಯೆಯ ಮೇಲೆ ಹುದ್ದೆ ಉಳಿಯುವುದೂ ಹೋಗುವುದೂ ನಿಂತಿರುವುದರಿಂದ, ಆ ವಾರ ನಾವು ಶಿಕ್ಷಕರಲ್ಲ, ಮನೆಮನೆ ತಿರುಗುವ ಚುನಾವಣಾ ಅಭ್ಯರ್ಥಿಗಳು. ಆದರೆ ಇದು ಮಲಯಾಳ ಮಾಧ್ಯಮದವರಿಗೂ ಇರುವ ತಲೆನೋವು.

ನಮಗೆ ಮಾತ್ರ ಇರುವುದು ಸಂಜೆಯ ತಲೆನೋವು.

ಸಂಜೆ ಆರೂವರೆಯ ಹೊತ್ತಿಗೆ ಮೊಬೈಲಿಗೆ ಸುತ್ತೋಲೆ ಬಂದು ಬೀಳುತ್ತದೆ. ನಾಳೆ ಇಂಥ ದಿನಾಚರಣೆ. ಅಸೆಂಬ್ಲಿಯಲ್ಲಿ ಈ ಪ್ರತಿಜ್ಞೆ ಓದಿಸಬೇಕು. ಜೊತೆಗಿರುವ ಚಟುವಟಿಕೆ ಹಾಳೆಯನ್ನು ಮಕ್ಕಳಿಂದ ಮಾಡಿಸಬೇಕು. ನಾಲ್ಕು ಗಂಟೆಯೊಳಗೆ ಫೋಟೋ ಸಹಿತ ವರದಿ ಕಳುಹಿಸಬೇಕು. ಎಲ್ಲವೂ ಮಲಯಾಳದಲ್ಲಿ. ಓದಲು ನನಗೆ ಕಷ್ಟವಿಲ್ಲ, ಮಲಯಾಳ ನನ್ನದೂ ಭಾಷೆಯೇ. ಆದರೆ ಸರಕಾರಿ ಮಲಯಾಳ ಎಂಬುದೊಂದಿದೆ: ವಾಕ್ಯ ಪುಟದ ತುದಿಯಲ್ಲಿ ಶುರುವಾದರೆ ಕ್ರಿಯಾಪದ ಸಿಗುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತದೆ. ಅದನ್ನು ಎಂಟು ವರ್ಷದ ಮಗುವಿಗೆ ಅರ್ಥವಾಗುವ ಕನ್ನಡಕ್ಕೆ ಆ ರಾತ್ರಿಯೇ ತರಬೇಕು. ಆಸುಪಾಸಿನ ಕನ್ನಡ ಶಾಲೆಗಳ ಶಿಕ್ಷಕರು ಸೇರಿ ಪುಟಗಳನ್ನು ಹಂಚಿಕೊಳ್ಳುತ್ತೇವೆ. "ಒಂದನೆಯ ಪುಟ ನನಗೆ", "ರಸಪ್ರಶ್ನೆ ಯಾರು ಮಾಡುತ್ತೀರಿ", "ಪ್ರತಿಜ್ಞೆಯನ್ನು ಕಳೆದ ವರ್ಷದ್ದೇ ಓದಿಸೋಣವೇ" ಎಂದು ಹತ್ತು ಗಂಟೆಯವರೆಗೆ ಸಂದೇಶಗಳು ಓಡಾಡುತ್ತವೆ.

ಚಟುವಟಿಕೆ ಹಾಳೆ ಇನ್ನೂ ಮಜಾ. ಅದು ಚಿತ್ರದ ರೂಪದಲ್ಲಿ ಬರುವುದರಿಂದ ಅದರೊಳಗಿನ ಮಲಯಾಳ ಅಕ್ಷರಗಳನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಪ್ರಿಂಟ್ ತೆಗೆದು, ಬಿಳಿ ಕಾಗದವನ್ನು ಚೂರು ಚೂರಾಗಿ ಕತ್ತರಿಸಿ, ಒಂದೊಂದರ ಮೇಲೆ ಕನ್ನಡದಲ್ಲಿ ಬರೆದು, ಮಲಯಾಳದ ಮೇಲೆ ಅಂಟಿಸುತ್ತೇವೆ. ಆಮೇಲೆ ಜೆರಾಕ್ಸ್. ಜೆರಾಕ್ಸ್ ಯಂತ್ರ ಆ ಚೂರುಗಳ ಅಂಚನ್ನೂ ಹಿಡಿಯುತ್ತದೆ, ಪ್ರತಿಯೊಂದು ಪ್ರಶ್ನೆಯ ಸುತ್ತಲೂ ತೆಳ್ಳಗಿನ ಬೂದು ಚೌಕಟ್ಟು ಮೂಡುತ್ತದೆ. ನಮ್ಮ ಮಕ್ಕಳು ಶುರುವಿನಿಂದಲೂ ಇಂಥ ಹಾಳೆಗಳನ್ನೇ ಕಂಡವರು. ಎರಡನೆಯ ತರಗತಿಯ ಹುಡುಗನೊಬ್ಬ ತಾನೇ ಒಂದು ಪ್ರಶ್ನೆಪತ್ರಿಕೆ ತಯಾರಿಸಿ ತಂದಿದ್ದ. ಪ್ರತಿ ಪ್ರಶ್ನೆಯ ಸುತ್ತ ಪೆನ್ಸಿಲಿನಿಂದ ಸೊಟ್ಟ ಗೆರೆ ಎಳೆದಿದ್ದ. ಇದೇನು ಎಂದು ಕೇಳಿದರೆ, "ಪ್ರಶ್ನೆಗೆ ಇದು ಇರುತ್ತದಲ್ಲ ಟೀಚರ್" ಎಂದ.

ಅಧಿಕೃತ ಕನ್ನಡ ಅನುವಾದ ಬರುವುದೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬರುತ್ತದೆ. ಮರ ನೆಡುವ ದಿನದ್ದು ಸಸಿ ಚಿಗುರಿದ ಮೇಲೆ ಬರುತ್ತದೆ. ಬಂದದ್ದನ್ನು ಓದಿದರೆ ಮೂಲವೇ ವಾಸಿ ಎನಿಸುವುದೂ ಉಂಟು. ಒಮ್ಮೆ ಮೇಲಿನ ಕಚೇರಿಗೆ ಹೋಗಿ ಮೂರು ದಿನ ಮೊದಲೇ ಕಳುಹಿಸಿದರೆ ನಾವೇ ಅನುವಾದ ಮಾಡಿಕೊಳ್ಳುತ್ತೇವೆ ಎಂದು ಕೇಳಿಕೊಂಡೆವು. ಮನವಿಯನ್ನು ಮಲಯಾಳದಲ್ಲಿ ಬರೆದುಕೊಡಿ ಎಂದರು. ಬರೆದುಕೊಟ್ಟೆವು. ಶಿಕ್ಷಕರ ಕ್ಲಸ್ಟರ್ ತರಬೇತಿಯ ಕತೆಯೂ ಇದೇ. ಶನಿವಾರ ಇಡೀ ದಿನ ಮಲಯಾಳದಲ್ಲಿ ಕೇಳಿ, ಸೋಮವಾರ ಕನ್ನಡದಲ್ಲಿ ಕಲಿಸಬೇಕು. ನಡುವಿನ ಭಾನುವಾರ ಯಾತಕ್ಕಿದೆ ಎಂದು ಈಗ ನಿನಗೆ ತಿಳಿಯಿತಲ್ಲ.

ನೀನು ವಕೀಲ, ಸಂವಿಧಾನದ 350ಎ ವಿಧಿಯನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸುವ ಹೊಣೆ ರಾಜ್ಯದ್ದು. ಅದು ಸಂವಿಧಾನಕ್ಕೆ ಸೇರಿದ್ದೂ 1956ರಲ್ಲಿಯೇ, ಗೆರೆ ಎಳೆದ ವರ್ಷವೇ. ಸೌಲಭ್ಯವೆಂದರೆ ಕಟ್ಟಡ, ಪುಸ್ತಕ, ಸಂಬಳ ಎಂದು ಲೆಕ್ಕ ಹಾಕಿದರೆ ಎಲ್ಲವೂ ಸರಿಯಾಗಿದೆ. ಕತ್ತರಿ ಮತ್ತು ಅಂಟು ನಮ್ಮ ಸ್ವಂತ ಖರ್ಚು.

ಸಂವಿಧಾನದ ಮಾತು ಬಂದದ್ದರಿಂದ ಪ್ರವಾಸದ ವಿಷಯ ಹೇಳಿಬಿಡುತ್ತೇನೆ. ನಾಲ್ಕನೆಯ ತರಗತಿಯವರನ್ನು ಈ ಸಲ ಎಡನೀರು ಮಠಕ್ಕೆ ಕರೆದುಕೊಂಡು ಹೋಗಿದ್ದೆವು. ನೀನು ಮಾತೆತ್ತಿದರೆ 'ಕೇಶವಾನಂದ ಭಾರತಿ ಪ್ರಕರಣ' ಎನ್ನುತ್ತೀಯಲ್ಲ, ಆ ಕೇಶವಾನಂದ ಭಾರತಿ ಸ್ವಾಮಿಗಳ ಮಠ ಇದು, ಕಾಸರಗೋಡು ಪೇಟೆಯಿಂದ ಹೆಚ್ಚು ದೂರವಿಲ್ಲ. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕುಳಿತು ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ಕೊಟ್ಟರು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದು ದೇಶಕ್ಕೆಲ್ಲ ಗೊತ್ತಾದದ್ದು ನಮ್ಮೂರ ಸ್ವಾಮಿಗಳ ಹೆಸರಿನಲ್ಲಿ. ಇದನ್ನು ಒಂಬತ್ತು ವರ್ಷದವರಿಗೆ ಹೇಗೆ ಹೇಳುವುದು? ಆಟದ ನಡುವೆ ಗೆಲ್ಲುವುದಕ್ಕಾಗಿ ಆಟದ ನಿಯಮವನ್ನೇ ಬದಲಿಸುವಂತಿಲ್ಲ ಎಂದೆ. "ಸ್ವಾಮಿಗಳು ಗೆದ್ದರಾ?" ಎಂದು ಕೇಳಿದರು. ಜಮೀನು ಬರಲಿಲ್ಲ ಎಂದೆ. "ಮತ್ತೆ ಗೆದ್ದದ್ದು ಯಾರು?" ಎಂದರು. ಅದಕ್ಕೆ ಉತ್ತರವನ್ನು ನೀನೇ ಬಂದು ಹೇಳು. ಸ್ವಾಮಿಗಳು ಯಕ್ಷಗಾನದಲ್ಲಿ ಭಾಗವತಿಕೆಯನ್ನೂ ಮಾಡುತ್ತಿದ್ದರು ಎಂದು ತಿಳಿದ ಮೇಲೆ ಮಕ್ಕಳಿಗೆ ಮೊಕದ್ದಮೆಯ ಆಸಕ್ತಿ ಹೋಗಿಯೇ ಹೋಯಿತು.

ಅಲ್ಲಿಂದ ಚಂದ್ರಗಿರಿ ಹೊಳೆ ದಾಟಿ ಬೇಕಲ ಕೋಟೆಗೆ. ಹೊಳೆ ಬಂದಾಗ ನಮ್ಮ ಹಿರಿಯ ಮಾಸ್ತರರು ಬಸ್ಸಿನಲ್ಲಿ ಎದ್ದು ನಿಂತು ಮಹಾಜನ ವರದಿಯ ಬಗ್ಗೆ ಎರಡು ಮಾತು ಹೇಳಲು ಹೊರಟರು. ಅಷ್ಟರಲ್ಲಿ ಒಬ್ಬಳಿಗೆ ವಾಂತಿ ಬಂದು ಇತಿಹಾಸ ನಿಂತಿತು. ಕೋಟೆಯನ್ನು ಕಟ್ಟಿಸಿದವರು ಕೆಳದಿಯ ನಾಯಕರು ಎಂದು ಹೇಳಿದರೆ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ದೊಡ್ಡ ಕೋಟೆ ಕಟ್ಟಿ ಐಸ್‌ಕ್ರೀಮಿನ ಅಂಗಡಿಯನ್ನು ಯಾಕೆ ಅಷ್ಟು ದೂರದಲ್ಲಿ ಇಟ್ಟರು?

ಈಗ ನಿನ್ನ ನವೆಂಬರ್ 1. ಆ ದಿನ ಕೇರಳದ ಹುಟ್ಟುಹಬ್ಬವೂ ಹೌದು, 'ಕೇರಳಪಿರವಿ' ಎನ್ನುತ್ತಾರೆ. ಒಂದೇ ಕಾಯ್ದೆ, ಒಂದೇ ದಿನ, ಎರಡು ರಾಜ್ಯ. ಅಂದಿನಿಂದ ಒಂದು ವಾರ ಇಲ್ಲಿ ಆಡಳಿತ ಭಾಷಾ ವಾರ, ಅಂದರೆ ಮಲಯಾಳದ ವಾರ. ಅದರ ಸುತ್ತೋಲೆಯೂ ಹಿಂದಿನ ಸಂಜೆಯೇ ಬರುತ್ತದೆ, ನಾವು ಅದನ್ನೂ ಕನ್ನಡಕ್ಕೆ ಅನುವಾದಿಸುತ್ತೇವೆ. ಮಲಯಾಳವನ್ನು ಉಳಿಸಿ ಬೆಳೆಸಿ ಎಂದು ಇಷ್ಟು ಶ್ರದ್ಧೆಯಿಂದ ಕನ್ನಡದಲ್ಲಿ ಬರೆಯುವವರು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಮಕ್ಕಳು ಕೇರಳದ ನಕಾಶೆ ಬರೆದು ಬಣ್ಣ ತುಂಬುತ್ತಾರೆ, ತುತ್ತತುದಿಯಲ್ಲಿ ತಮ್ಮ ಊರಿಗೆ ಚುಕ್ಕಿ ಇಡುತ್ತಾರೆ. ಮಧ್ಯಾಹ್ನದ ಮೇಲೆ ಮಂಜೇಶ್ವರದ ಗೋವಿಂದ ಪೈಗಳ ಪರಿಚಯ, ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕತೆ, ಕನ್ನಡ ಕಂಠಪಾಠ. ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ, ಅವರು ಹುಟ್ಟಿದ ಊರು ಈಗ ಕೇರಳದಲ್ಲಿ, ಓದುವವರು ಕನ್ನಡದಲ್ಲಿ. ಇದರಲ್ಲಿ ಮಕ್ಕಳಿಗೆ ಯಾವ ಗೊಂದಲವೂ ಕಾಣುವುದಿಲ್ಲ. ಬಾವುಟ ಹಾರಿಸುವುದಿಲ್ಲ. ಯಾರೂ ಬೇಡವೆಂದದ್ದಕ್ಕೆ ಅಲ್ಲ, ಹಳದಿ ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ಆ ಸಂಜೆಯ ಸುತ್ತೋಲೆ ಕನ್ನಡದಲ್ಲಿ ಬರುವುದಿಲ್ಲ ಎಂಬ ಕಾರಣಕ್ಕೆ.

ಕರ್ನಾಟಕಕ್ಕೆ ಬಂದುಬಿಡಿ ಎಂದು ಹೇಳುವವರಲ್ಲಿ ನೀನೂ ಒಬ್ಬ. ನಮ್ಮ ಹಳೆ ವಿದ್ಯಾರ್ಥಿಗಳು ಬರುತ್ತಾರಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನಿಮ್ಮ ವೃತ್ತಿಪರ ಕೋರ್ಸುಗಳಿಗೆ ಗಡಿನಾಡ ಕನ್ನಡಿಗರ ಕೋಟಾದಲ್ಲಿ ಅರ್ಜಿ ಹಾಕಿದರೆ, ಮೊದಲು ಕನ್ನಡ ಭಾಷಾ ಪರೀಕ್ಷೆ ಬರೆದು ತೋರಿಸಬೇಕು. ಅದರ ಮಟ್ಟ ನಾಲ್ಕನೆಯ ತರಗತಿಯದು. ನಾಲ್ಕನೆಯ ತರಗತಿಯ ಕನ್ನಡವನ್ನು ನಾನು ಚೆನ್ನಾಗಿಯೇ ಕಲಿಸಿರುತ್ತೇನೆ, ಆ ಭಯವಿಲ್ಲ. ಆದರೆ ಬೆಂಗಳೂರಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಓದಿದ ನಿನ್ನ ಮಗನಿಗೆ ಆ ಪರೀಕ್ಷೆ ಇಲ್ಲವಲ್ಲ, ಅವನನ್ನೂ ಒಮ್ಮೆ ಕೂರಿಸಿ ನೋಡು. ಇಲ್ಲಿ ನಾವು ಕನ್ನಡದವರು ಎಂದು ಮಲಯಾಳದಲ್ಲಿ ಮನವಿ ಬರೆಯಬೇಕು, ಅಲ್ಲಿ ಕನ್ನಡದವರು ಹೌದೇ ಎಂದು ಪರೀಕ್ಷೆ ಬರೆಯಬೇಕು. ಎರಡೂ ಕಡೆ ಕಾಗದ ನಮ್ಮದೇ.

ಪುಸ್ತಕ ಕಳುಹಿಸುತ್ತೇನೆ ಎಂದಿದ್ದೀಯ, ಸಂತೋಷ. ಬೃಹದ್ಗ್ರಂಥಗಳು ಬೇಡ, ಕಪಾಟು ತುಂಬಿದೆ; ದೊಡ್ಡ ಅಕ್ಷರದ, ಬಣ್ಣದ ಚಿತ್ರಗಳ ಕತೆಪುಸ್ತಕಗಳನ್ನು ಕಳುಹಿಸು. ಇನ್ನೂ ಒಳ್ಳೆಯದೆಂದರೆ ವಾರ್ಷಿಕೋತ್ಸವಕ್ಕೆ ನೀನೇ ತೆಗೆದುಕೊಂಡು ಬಾ. ಪಂಚಾಯತ್ ಸದಸ್ಯರು ಮಲಯಾಳದಲ್ಲಿ ಉದ್ಘಾಟಿಸುತ್ತಾರೆ, ಪಿಟಿಎ ಅಧ್ಯಕ್ಷರು ತುಳುವಿನಲ್ಲಿ ಅಕ್ಕಿ ಕೊಟ್ಟವರಿಗೆಲ್ಲ ಕೃತಜ್ಞತೆ ಹೇಳುತ್ತಾರೆ, ಹಳೆ ವಿದ್ಯಾರ್ಥಿಗಳು ಪೆಂಡಾಲು ಹಾಕುತ್ತಾರೆ, ರಾತ್ರಿ ಮಕ್ಕಳ ಯಕ್ಷಗಾನವಿದೆ. ನಿನಗೆ ಕನ್ನಡದಲ್ಲಿ ಐದು ನಿಮಿಷ ಕೊಡಿಸುತ್ತೇನೆ. ಮೀರಬೇಡ, ಚೆಂಡೆಯವರು ಕಾಯುವವರಲ್ಲ. ಭಾಷಣದ ಪ್ರತಿಯನ್ನು ಮಾತ್ರ ಮೂರು ದಿನ ಮೊದಲೇ ಕಳುಹಿಸು.