ಓದುಗರ ಪ್ರಶ್ನೆ: ಊರಿನ ಆರೋಗ್ಯ ಕಾರ್ಯಕರ್ತೆಗೆ ಏನನ್ನು, ಹೇಗೆ ಕಲಿಸಬೇಕು?

ಪ್ರಶ್ನೆ: ನಮ್ಮ ಹಾಡಿಯಲ್ಲಿ (ಬುಡಕಟ್ಟು ಜನರ ಕೇರಿಯಲ್ಲಿ) ಹತ್ತನೇ ತರಗತಿ ಮುಗಿಸಿದ ಹೆಂಗಸರೇ ಇಲ್ಲ. ದೂರದ ಊರಿನ ಆಶಾ ಕಾರ್ಯಕರ್ತೆಗೆ ಮಳೆಗಾಲದಲ್ಲಿ ಇತ್ತ ಬರಲಾಗುವುದಿಲ್ಲ. ಕಡಿಮೆ ಓದಿದವರಿಗೆ ತರಬೇತಿ ಕೊಟ್ಟರೆ ನಡೆದೀತೇ?
— ಓದುಗರೊಬ್ಬರು, ಎಚ್.ಡಿ. ಕೋಟೆ

ಉತ್ತರ: ಖಂಡಿತ ನಡೆಯುತ್ತದೆ. ಸಾವಿರ ಜನಕ್ಕೆ ಒಬ್ಬ ಆಶಾ ಎಂಬುದು ಸಾಮಾನ್ಯ ಲೆಕ್ಕ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ ಒಂದೊಂದು ಹಾಡಿಗೂ ಒಬ್ಬರನ್ನು ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ತಕ್ಕವರು ಸಿಗದಿದ್ದರೆ ವಿದ್ಯಾರ್ಹತೆ ಸಡಿಲಿಸಬಹುದು. ಗ್ರಾಮಸಭೆಯಲ್ಲಿ ಹೆಸರು ಒಪ್ಪಿಸಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ. ಮಹಾರಾಷ್ಟ್ರದ ಜಾಮಖೇಡದಲ್ಲಿ ಆರೋಳೆ ವೈದ್ಯ ದಂಪತಿ 1970ರಲ್ಲಿ ಶುರುಮಾಡಿದ ಯೋಜನೆಯ ಕಾರ್ಯಕರ್ತೆಯರಲ್ಲಿ ಬಹಳ ಮಂದಿಗೆ ಓದು ಬರಹವೇ ಬರುತ್ತಿರಲಿಲ್ಲ. ಗಡಚಿರೋಲಿಯಲ್ಲಿ ಅಭಯ ಬಂಗ್, ರಾಣಿ ಬಂಗ್ ಅವರಿಂದ ಕಲಿತ ಅಲ್ಪಸ್ವಲ್ಪ ಓದಿದ ಹೆಂಗಸರು ನಂಜೇರಿದ ಹಸುಗೂಸಿಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡುವುದನ್ನೂ ರೂಢಿಸಿಕೊಂಡರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ತಗ್ಗಿತ್ತು. ನಡುರಾತ್ರಿ ಕರೆದರೂ ಬಾಣಂತಿಯ ಗುಡಿಸಲಿಗೆ ಬರುವವಳು, ಹಾಡಿಯ ಮಾತು ಆಡುವವಳು ಸಿಕ್ಕರೆ ಅವಳನ್ನೇ ಆರಿಸಿ.

ಪ್ರಶ್ನೆ: ನ್ಯುಮೋನಿಯಾ ಗುರುತಿಸಲು ಉಸಿರೆಣಿಕೆ ಕಲಿಸುತ್ತೇವೆ. ಒಂದೇ ಮಗುವಿಗೆ ಒಬ್ಬರು 44 ಎಂದರೆ ಇನ್ನೊಬ್ಬರು 88 ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?
— ತರಬೇತುದಾರರು, ಜೋಯಿಡಾ

ಉತ್ತರ: ಒಂದರ ಇಮ್ಮಡಿ ಇನ್ನೊಂದು ಇದೆಯಲ್ಲ, ಅದೇ ಸುಳಿವು. ಹೊಟ್ಟೆ ಏರಿದ್ದಕ್ಕೆ ಒಂದು, ಇಳಿದದ್ದಕ್ಕೆ ಇನ್ನೊಂದು ಎಂದು ಎಣಿಸುತ್ತಿದ್ದಾರೆ. ಏರಿದಾಗ ಮಾತ್ರ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದು ಇನ್ನೊಂದು ತಪ್ಪು. ಹಸುಗೂಸು ಒಮ್ಮೆ ಸರಸರ ಉಸಿರಾಡಿ, ಕೆಲವು ಸೆಕೆಂಡು ಸುಮ್ಮನಿದ್ದು, ಮತ್ತೆ ಶುರುಮಾಡುತ್ತದೆ. ಹಾಗಾಗಿ ಪೂರ್ತಿ ಒಂದು ನಿಮಿಷ ನೋಡಲೇಬೇಕು.

ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ತಾಯಿಯ ಮಡಿಲಲ್ಲೇ ಇರಲಿ; ಎತ್ತಿಕೊಂಡರೆ ಅತ್ತು ಎಣಿಕೆ ಏರುತ್ತದೆ. ಅಂಗಿಯನ್ನು ತಾಯಿಯೇ ಎದೆಯವರೆಗೆ ಸರಿಸಲಿ, ಬಾಗಿಲ ಬೆಳಕು ಹೊಟ್ಟೆಯ ಮೇಲೆ ಬೀಳಲಿ. ಗಡಿಯಾರವನ್ನು ಹೊಟ್ಟೆಯ ಪಕ್ಕದಲ್ಲೇ ಹಿಡಿದರೆ ಕಣ್ಣು ಅತ್ತಿತ್ತ ಓಡಾಡಬೇಕಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40 — ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ವೇಗದ ಉಸಿರು. ಹಸುಗೂಸಿಗೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಎರಡನೇ ಸಲವೂ ಅಷ್ಟೇ ಅಥವಾ ಹೆಚ್ಚು ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟಿದ್ದರೆ, ಎಣಿಕೆ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಕಳಿಸಬೇಕು.

ಗೊಂಬೆಯ ಮೇಲೆ ಇದು ಬರುವುದಿಲ್ಲ. ಮೊದಲು ವಿಡಿಯೊ ತೋರಿಸಿ, ಆಮೇಲೆ ಲಸಿಕೆ ದಿನ ಅಂಗನವಾಡಿಗೆ ಕರೆದೊಯ್ಯಿರಿ. ಅದೇ ನಿಮಿಷದಲ್ಲಿ ನೀವೂ ಮನಸ್ಸಿನಲ್ಲೇ ಎಣಿಸಿ, ಇಬ್ಬರೂ ಚೀಟಿಯಲ್ಲಿ ಬರೆದು ಹೋಲಿಸಿ. ಬಾಯಲ್ಲಿ ಹೇಳಿಸಿದರೆ ಎರಡನೆಯವರು ಮೊದಲನೆಯವರ ಸಂಖ್ಯೆಯನ್ನೇ ಒಪ್ಪಿಸುತ್ತಾರೆ!

ಪ್ರಶ್ನೆ: "ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲಲಿಲ್ಲ" ಎಂದು ಜನ ಪ್ಯಾಕೆಟ್ ಎಸೆಯುತ್ತಾರೆ. ಏನು ಹೇಳಬೇಕು?
— ಆಶಾ ಕಾರ್ಯಕರ್ತೆ, ಹನೂರು

ಉತ್ತರ: ಪ್ಯಾಕೆಟ್ ಕೈಗಿಡುವ ಮೊದಲೇ ಹೇಳಿ: ಇದು ಭೇದಿ ನಿಲ್ಲಿಸುವ ಔಷಧವಲ್ಲ, ಮೈಯಿಂದ ಹೋದ ನೀರು, ಉಪ್ಪನ್ನು ತುಂಬಿಕೊಡುವಂಥದ್ದು. ಇಡೀ ಪ್ಯಾಕೆಟ್‌ಗೆ ಒಂದು ಲೀಟರ್ ಕುಡಿಯುವ ನೀರು. ಅರ್ಧ ಪುಡಿಯನ್ನು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಲೀಟರ್ ಬಾಟಲಿಯಲ್ಲಿ ನೀರು ಅಳೆದು ಆ ಮನೆಯ ಚೊಂಬಿಗೋ ಪಾತ್ರೆಗೋ ಸುರಿದು, ಎಲ್ಲಿಯವರೆಗೆ ಬಂತೆಂದು ಗುರುತು ಹಾಕಿಕೊಡಿ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ನಿಧಾನವಾಗಿ ಮತ್ತೆ ಶುರುಮಾಡಬೇಕು. ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿಗೆ ಅದರ ಅರ್ಧ, ಒಟ್ಟು 14 ದಿನ. ಮೂರನೇ ದಿನಕ್ಕೆ ಭೇದಿ ನಿಂತೊಡನೆ ಮಾತ್ರೆಯೂ ನಿಲ್ಲುವುದು ಮಾಮೂಲು. ಆದ್ದರಿಂದ ಐದಾರು ದಿನ ಬಿಟ್ಟು ಹೋಗಿ ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸಿ.

ಪ್ರಶ್ನೆ: ತರಬೇತಿ ಮುಗಿದು ಆರು ತಿಂಗಳಾಗುವಷ್ಟರಲ್ಲಿ ಅರ್ಧ ಮರೆತಿರುತ್ತಾರೆ. ಮತ್ತೆ ಶಿಬಿರ ಮಾಡಬೇಕೇ?
— ಆಶಾ ಸುಗಮಕಾರರು, ಖಾನಾಪುರ

ಉತ್ತರ: ಶಿಬಿರಕ್ಕಿಂತ ಬಾಣಂತಿಯ ಮನೆ ಒಳ್ಳೆಯದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28, 42ನೇ ದಿನ ನೋಡಬೇಕಲ್ಲ, ಅಂಥ ಒಂದು ಭೇಟಿಗೆ ಜೊತೆಗೆ ಹೋಗಿ, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಕೈ ತೊಳೆದರೇ? ತೂಕದ ತಕ್ಕಡಿಗೆ ಖಾಲಿ ಜೋಲಿ ತೂಗುಹಾಕಿ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದರೇ? ಇದನ್ನು ಮಾಡದಿದ್ದರೆ ಜೋಲಿಯ ತೂಕವೂ ಮಗುವಿನ ಲೆಕ್ಕಕ್ಕೆ ಸೇರಿ, 1,800 ಗ್ರಾಂಗಿಂತ ಕಡಿಮೆಯಿದ್ದು ಆಸ್ಪತ್ರೆಗೆ ಹೋಗಬೇಕಾದ ಕೂಸು ಮನೆಯಲ್ಲೇ ಉಳಿದುಬಿಡುತ್ತದೆ. ಮುಳ್ಳು ಕಣ್ಣಿನ ಮಟ್ಟಕ್ಕೆ ಇತ್ತೇ? ತಪ್ಪಿದ್ದನ್ನು ಅತ್ತೆ, ತಾಯಿಯ ಎದುರು ಹೇಳದೆ ಹೊರಬಂದ ಮೇಲೆ ಹೇಳಿ, ಮುಂದಿನ ಮನೆಯಲ್ಲಿ ಮತ್ತೆ ಮಾಡಿಸಿ.

ತಿಂಗಳ ಸಭೆಯಲ್ಲಿ ಬರಿ ವರದಿ ತುಂಬಿಸಿಕೊಂಡು ಕಳಿಸಬೇಡಿ. ಕಾರ್ಯಕರ್ತೆಯ ಔಷಧ ಚೀಲವನ್ನು ಮೇಜಿನ ಮೇಲೆ ಸುರಿಸಿ, ಥರ್ಮಾಮೀಟರಿನ ಬ್ಯಾಟರಿ, ಉಳಿದ ಓಆರ್‌ಎಸ್, ಜಿಂಕ್ ಸ್ಟ್ರಿಪ್‌ನ ಮೇಲಿನ ಅವಧಿ ನೋಡಿ, ಕಡಿಮೆಯಾದದ್ದನ್ನು ಅಲ್ಲೇ ತುಂಬಿಸಿ.