ಎರಡು ದಿನದಲ್ಲಿ ಕೊಚ್ಚಿ ಬಿಯೆನಾಲೆ

ಯಕ್ಷಗಾನವನ್ನಷ್ಟೇ ನೋಡಿ ಗೊತ್ತಿರುವ ಅಮ್ಮನನ್ನು ಮಂಗಳೂರಿನಿಂದ ಎರಡು ದಿನಕ್ಕೆ ಕೊಚ್ಚಿ ಬಿಯೆನಾಲೆಗೆ (ಎರಡು ವರ್ಷಕ್ಕೊಮ್ಮೆ ನಡೆಯುವ ಸಮಕಾಲೀನ ಕಲಾ ಪ್ರದರ್ಶನ) ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ, ಅದರಲ್ಲೂ ಈ ಸಲ!

ಆರನೆಯ ಆವೃತ್ತಿ 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರವರೆಗೆ. ಕ್ಯುರೇಟರ್, ಅಂದರೆ ಕಲಾಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸುವವರು, ನಿಖಿಲ್ ಚೋಪ್ರಾ. ಜೊತೆಗೆ ಗೋವಾದ ಎಚ್‌ಎಚ್ ಆರ್ಟ್ ಸ್ಪೇಸಸ್ ಎಂಬ ಕಲಾವಿದರ ತಂಡ. ಚೋಪ್ರಾ ಸ್ವತಃ ಪರ್ಫಾರ್ಮೆನ್ಸ್ ಕಲಾವಿದರು, ಅಂದರೆ ಪ್ರೇಕ್ಷಕರೆದುರು ತಾವೇ ಮಾಡಿ ತೋರಿಸುವುದೇ ಅವರ ಕಲೆ. 2019ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿ ಒಂಬತ್ತು ದಿನ ಸತತವಾಗಿ ಇದ್ದು, ವೇಷ ಬದಲಿಸುತ್ತಾ, ಜನರೆದುರೇ ಚಿತ್ರ ಬರೆದವರು. ಆದ್ದರಿಂದ ಕಣ್ಣೆದುರು ನಡೆಯುವ ಕಲೆಗೆ ಈ ಸಲ ಹೆಚ್ಚು ಜಾಗ ಸಿಗುತ್ತದೆಂಬುದು ನನ್ನ ನಿರೀಕ್ಷೆ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚುವುದನ್ನು ಕೂತು ನೋಡಿದವರಿಗೆ ಇದು ಅಪರಿಚಿತ ಅನಿಸಲಾರದು. ಯಕ್ಷಗಾನದಂತೆ ಪ್ರಸಂಗ (ಕಥೆ) ಯಾವುದು ಎಂದು ಮಾತ್ರ ಹುಡುಕಬೇಡಿ. ದೀರ್ಘ ಪ್ರದರ್ಶನವಾದರೆ ಬೆಳಿಗ್ಗೆ ಸ್ವಲ್ಪ ನೋಡಿ, ಸಂಜೆ ಮತ್ತೆ ಹೋಗಿ.

ಎರ್ನಾಕುಲಂನಲ್ಲಿ ಇಳಿದರೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ದೋಣಿಯಲ್ಲಿ ಫೋರ್ಟ್ ಕೊಚ್ಚಿ ಸೇರಬಹುದು. ಒಂದು ದಿನ ಫೋರ್ಟ್ ಕೊಚ್ಚಿ, ಇನ್ನೊಂದು ದಿನ ಮಟ್ಟಾಂಚೇರಿ ಸಾಕು. ಪ್ರದರ್ಶನ ನಡೆಯುವ ಹಳೆಯ ಗೋದಾಮುಗಳಲ್ಲಿ ಸೆಕೆ ಜೋರು, ನಡಿಗೆಯೂ ಬಹಳ. ಎಲ್ಲವನ್ನೂ ಮುಗಿಸಲು ಹೋಗಬೇಡಿ, ಆದರೆ ಕಲಾ ವಿದ್ಯಾರ್ಥಿಗಳ ಪ್ರದರ್ಶನವಾದ ಸ್ಟೂಡೆಂಟ್ಸ್ ಬಿಯೆನಾಲೆಯನ್ನು ದಯವಿಟ್ಟು ಬಿಡಬೇಡಿ. ಡಿಸೆಂಬರ್ ಕೊನೆಯ ವಾರದ ಜನಜಂಗುಳಿ ತಪ್ಪಿಸಿ ಜನವರಿಯಲ್ಲಿ ಹೋದರೆ ಅಮ್ಮನಿಗೆ ಅನುಕೂಲ.